ಆಟೋಸ್ಟ್ಯಾಕರ್ಟ್: ಅಲುಗುವ ಗಾಳಿಯ ನಡುವಿನಿಂದ ಗ್ರಹಗಳ ವಿವರವನ್ನು ಹೆಕ್ಕಿ ಕೊಡುವ ತಂತ್ರಾಂಶ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಗುರು, ಶನಿ, ಮಂಗಳ ಅಥವಾ ಚಂದ್ರನ ಚಿತ್ರ ತೆಗೆಯುವ ಹವ್ಯಾಸಿಗಳಲ್ಲಿ ಆಟೋಸ್ಟ್ಯಾಕರ್ಟ್ ತಂತ್ರಾಂಶವನ್ನು ಒಮ್ಮೆಯಾದರೂ ಬಳಸದವರು ವಿರಳ. ನೆದರ್ಲೆಂಡ್ಸ್‌ನ ಎಮಿಲ್ ಕ್ರಾಯ್‌ಕಾಂಪ್ ಇದನ್ನು ಬರೆದು ಉಚಿತವಾಗಿ ಹಂಚುತ್ತಿದ್ದಾರೆ. ಇದರ ಕೆಲಸ ಒಂದೇ: ಸಾವಿರಾರು ಫ್ರೇಮುಗಳಿರುವ ವಿಡಿಯೊವನ್ನು ಓದಿಕೊಂಡು, ಗಾಳಿ ತುಸು ಶಾಂತವಾಗಿದ್ದ ಗಳಿಗೆಗಳಲ್ಲಿ ಸೆರೆಯಾದ ಫ್ರೇಮುಗಳನ್ನು ಆರಿಸಿ, ಅವುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಸರಾಸರಿ ತೆಗೆದು ಒಂದೇ ಚಿತ್ರವಾಗಿ ಕೊಡುವುದು. ಆ ಚಿತ್ರವನ್ನು ಕೊನೆಯಲ್ಲಿ ಶಾರ್ಪ್ ಮಾಡುವ ಕೆಲಸವನ್ನು ಇದು ಬಳಕೆದಾರರಿಗೂ ಬೇರೆ ತಂತ್ರಾಂಶಗಳಿಗೂ ಬಿಟ್ಟುಕೊಡುತ್ತದೆ. ಈ ಮಿತಿಯೇ ಇದರ ಬಹುದೊಡ್ಡ ಗುಣ ಎಂದು ನಾನು ನಂಬಿದ್ದೇನೆ. ಅದಕ್ಕೆ ಕಾರಣ ಹೇಳಬೇಕಾದರೆ ಮೊದಲು ಗಾಳಿಯ ವಿಷಯವನ್ನೇ ಎತ್ತಿಕೊಳ್ಳಬೇಕು.

ದೂರದ ಗ್ರಹದಿಂದ ಹೊರಟ ಬೆಳಕಿನ ಅಲೆ ವಾತಾವರಣದ ಮೇಲಂಚನ್ನು ಮುಟ್ಟುವವರೆಗೆ ಮಟ್ಟಸವಾಗಿಯೇ ಇರುತ್ತದೆ. ಅಲ್ಲಿಂದ ಕೆಳಗೆ, ಬೇರೆ ಬೇರೆ ಉಷ್ಣತೆಯ ಗಾಳಿ ಒಂದರೊಳಗೊಂದು ಕಲೆಸಿಕೊಳ್ಳುವ ಕಡೆಯಲ್ಲೆಲ್ಲ ವಕ್ರೀಭವನಾಂಕ, ಅಂದರೆ ಗಾಳಿ ಬೆಳಕನ್ನು ಬಾಗಿಸುವ ಪ್ರಮಾಣ, ಅತ್ಯಲ್ಪವಾಗಿ ಏರುಪೇರಾಗುವುದರಿಂದ ಅಲೆಯ ಮುಖ ಸುಕ್ಕುಗಟ್ಟುತ್ತದೆ, ಮತ್ತು ಆ ಸುಕ್ಕಿನ ವಿನ್ಯಾಸ ಕೆಲವೇ ಮಿಲಿಸೆಕೆಂಡುಗಳಲ್ಲಿ ಬದಲಾಗುತ್ತ ಹೋಗುತ್ತದೆ. ಈ ಒಟ್ಟು ಪರಿಣಾಮಕ್ಕೆ ವೀಕ್ಷಕರು ಸೀಯಿಂಗ್ ಎನ್ನುತ್ತಾರೆ. ಗಾಳಿಯ ಈ ನಿರಂತರ ಕಂಪನವನ್ನು ದೂರದರ್ಶಕದ ಯಾವ ಸುಧಾರಣೆಯೂ ನಿವಾರಿಸಲಾರದು, ಎತ್ತರದ ಬೆಟ್ಟಗಳ ನೆತ್ತಿಯಲ್ಲಿ ಸಿಗಬಹುದಾದ ಪ್ರಶಾಂತ ಗಾಳಿಯೇ ಇದಕ್ಕಿರುವ ಪರಿಹಾರ ಎಂದು ನ್ಯೂಟನ್ 1704ರಲ್ಲೇ ಬರೆದಿದ್ದರು. ಅಲೆಯ ಮುಖ ಎಷ್ಟು ಅಗಲದವರೆಗೆ ಹೆಚ್ಚುಕಡಿಮೆ ಮಟ್ಟಸವಾಗಿ ಉಳಿದಿದೆ ಎಂಬುದರ ಅಳತೆಯನ್ನು ಇಂದು ಫ್ರೀಡ್ ನಿಯತಾಂಕ ಎಂದು ಕರೆಯುತ್ತಾರೆ. ಸೀಯಿಂಗ್, ಅಂದರೆ ಅದರಿಂದಾಗುವ ಮಸುಕಿನ ಅಗಲ, 2 ಆರ್ಕ್‌ಸೆಕೆಂಡ್ ಇರುವ ಸಾಧಾರಣ ರಾತ್ರಿಯಲ್ಲಿ ಹಸಿರು ಬೆಳಕಿಗೆ ಈ ಅಳತೆ ಸುಮಾರು 5 ಸೆಂಟಿಮೀಟರ್ ಇರುತ್ತದೆ; 1 ಆರ್ಕ್‌ಸೆಕೆಂಡಿನ ಒಳ್ಳೆಯ ರಾತ್ರಿಯಲ್ಲಿ ಸುಮಾರು 10 ಸೆಂಟಿಮೀಟರ್. ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ. 200 ಮಿಲಿಮೀಟರ್ ವ್ಯಾಸದ ಕನ್ನಡಿ, ಬೆಳಕು ಅಲೆಯಾಗಿರುವುದರಿಂದ ತುಸು ಹರಡಿಕೊಳ್ಳುವ ವಿವರ್ತನೆಯ ನಿಯಮದ ಪ್ರಕಾರ, ಸುಮಾರು 0.7 ಆರ್ಕ್‌ಸೆಕೆಂಡಿನ ವಿವರವನ್ನು ಬಿಡಿಸಿ ತೋರಿಸಬಲ್ಲದು. ಆದರೆ ಸೀಯಿಂಗ್ 2 ಆರ್ಕ್‌ಸೆಕೆಂಡ್ ಇರುವಾಗ ದೀರ್ಘ ಎಕ್ಸ್‌ಪೋಷರ್ ಕೊಟ್ಟು ತೆಗೆದ ಚಿತ್ರದಲ್ಲಿ ಕನ್ನಡಿ ಎಷ್ಟೇ ದೊಡ್ಡದಿದ್ದರೂ ಆ 2 ಆರ್ಕ್‌ಸೆಕೆಂಡಿನ ಮಸುಕನ್ನು ದಾಟಲಾಗುವುದಿಲ್ಲ.

ಹಾಗಾದರೆ ಆ 0.7 ಆರ್ಕ್‌ಸೆಕೆಂಡ್ ಎಂದಾದರೂ ಕೈಗೆ ಸಿಗುವುದೇ? ಕೆಲವು ಮಿಲಿಸೆಕೆಂಡುಗಳ ಎಕ್ಸ್‌ಪೋಷರ್ ಕೊಟ್ಟು ಬಹಳಷ್ಟು ಫ್ರೇಮುಗಳನ್ನು ತೆಗೆದರೆ, ಅವುಗಳಲ್ಲಿ ಕೆಲವಾದರೂ ಅಲೆಯ ಮುಖ ಆಕಸ್ಮಿಕವಾಗಿ ಮಟ್ಟಸವಾಗಿದ್ದ ಕ್ಷಣದಲ್ಲಿ ಸೆರೆಯಾಗಿರುತ್ತವೆ. ಡೇವಿಡ್ ಫ್ರೀಡ್ 1978ರಲ್ಲಿ ಈ ಅದೃಷ್ಟದ ಲೆಕ್ಕವನ್ನು ಗಣಿತದಲ್ಲಿಟ್ಟು ತೋರಿಸಿದರು. ಫ್ರೀಡ್ ಅಳತೆ 5 ಸೆಂಟಿಮೀಟರ್ ಇರುವ ರಾತ್ರಿಯಲ್ಲಿ 25 ಸೆಂಟಿಮೀಟರ್ ಕನ್ನಡಿಗೆ ಎಂಟೊಂಬತ್ತು ಫ್ರೇಮುಗಳಲ್ಲಿ ಒಂದು ಒಳ್ಳೆಯದು ದೊರೆಯುತ್ತದೆ. 35 ಸೆಂಟಿಮೀಟರ್ ಕನ್ನಡಿಗೆ ಮುನ್ನೂರು, ಮುನ್ನೂರೈವತ್ತು ಫ್ರೇಮುಗಳಿಗೆ ಒಂದು. 50 ಸೆಂಟಿಮೀಟರ್ ಕನ್ನಡಿಗೆ ಹೆಚ್ಚುಕಡಿಮೆ ಹತ್ತು ಲಕ್ಷಕ್ಕೊಂದು. ಹೆಚ್ಚು ದೊಡ್ಡ ದೂರದರ್ಶಕ ಕೊಂಡರೆ ಗ್ರಹದ ಚಿತ್ರ ತಾನಾಗಿಯೇ ಹೆಚ್ಚು ಸ್ಪಷ್ಟವಾಗುತ್ತದೆ ಎಂದು ನಂಬಿರುವವರು ಈ ಮೂರು ಸಂಖ್ಯೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಸಾಧಾರಣ ಸೀಯಿಂಗ್‌ನಲ್ಲಿ ಮಧ್ಯಮ ಗಾತ್ರದ ಕನ್ನಡಿಯೂ ಈ ಆಯ್ಕೆಯ ವಿಧಾನವೂ ಸೇರಿದರೆ ಸಿಗುವ ಫಲ, ದೊಡ್ಡ ಕನ್ನಡಿಯೊಂದರಿಂದಲೇ ಸಿಗುವುದಕ್ಕಿಂತ ಎಷ್ಟೋ ಮೇಲು.

ವೃತ್ತಿಪರ ವೀಕ್ಷಣಾಲಯಗಳು ಇದೇ ತೊಂದರೆಗೆ ಬೇರೆ ದಾರಿಯನ್ನೂ ಹಿಡಿದಿವೆ. ಹೊರೇಸ್ ಬ್ಯಾಬ್‌ಕಾಕ್ 1953ರಲ್ಲಿ ಸೂಚಿಸಿದ ಅಡಾಪ್ಟಿವ್ ಆಪ್ಟಿಕ್ಸ್ ವಿಧಾನದಲ್ಲಿ, ಸುಕ್ಕಾದ ಅಲೆಯನ್ನು ಕ್ಷಣಕ್ಷಣವೂ ಅಳೆದು, ಆಕಾರ ಬದಲಿಸಬಲ್ಲ ಕನ್ನಡಿಯಿಂದ ಅದನ್ನು ಆಗಿಂದಾಗಲೇ ಮಟ್ಟಸಗೊಳಿಸಲಾಗುತ್ತದೆ. ಎರಡನ್ನೂ ಒಟ್ಟಿಗೆ ಬಳಸಿದ ಪ್ರಯೋಗವೂ ಉಂಟು: 2007ರಲ್ಲಿ ಪಾಲೊಮಾರ್‌ನ 5 ಮೀಟರ್ ದೂರದರ್ಶಕದಲ್ಲಿ ಅಡಾಪ್ಟಿವ್ ಆಪ್ಟಿಕ್ಸ್‌ನ ಜೊತೆಗೆ ಒಳ್ಳೆಯ ಫ್ರೇಮುಗಳನ್ನು ಆರಿಸುವ ಕೇಂಬ್ರಿಜ್‌ನ ಲಕ್ಕಿ ಕ್ಯಾಮೆರಾವನ್ನು ಜೋಡಿಸಿ, ಬಾಹ್ಯಾಕಾಶದ ಹಬಲ್ ದೂರದರ್ಶಕಕ್ಕಿಂತಲೂ ಸ್ಪಷ್ಟವಾದ ನಕ್ಷತ್ರಗುಚ್ಛದ ಚಿತ್ರಗಳನ್ನು ನೆಲದಿಂದಲೇ ಪಡೆಯಲಾಯಿತು. ಆಕಾರ ಬದಲಿಸುವ ಕನ್ನಡಿ ಹವ್ಯಾಸಿಯ ಕೈಗೆಟುಕುವ ವಸ್ತುವಲ್ಲ. ಆರಿಸುವ ದಾರಿ ಮಾತ್ರ ಸಾಮಾನ್ಯ ಕಂಪ್ಯೂಟರೂ ವೇಗದ ಕ್ಯಾಮೆರಾವೂ ಇರುವ ಯಾರಿಗೂ ತೆರೆದಿದೆ, ಮತ್ತು ಆಟೋಸ್ಟ್ಯಾಕರ್ಟ್ ಆ ದಾರಿಯಲ್ಲಿ ನಾನು ಕಂಡ ಅತ್ಯುತ್ತಮ ಸಾಧನ.

ತಂತ್ರಾಂಶವನ್ನು ತೆರೆದಾಗ ಎರಡು ಕಿಟಕಿಗಳು ಮೂಡುತ್ತವೆ. ಒಂದರಲ್ಲಿ ಆಯ್ಕೆಗಳು ಮತ್ತು ಗುಂಡಿಗಳು, ಇನ್ನೊಂದರಲ್ಲಿ ವಿಡಿಯೊದ ಫ್ರೇಮುಗಳು. ಮೊದಲ ನೋಟಕ್ಕೆ ಆಯ್ಕೆಗಳ ಕಿಟಕಿ ಇಕ್ಕಟ್ಟಾಗಿ ಕಾಣುತ್ತದೆ. ಯಾವುದು ಮುಖ್ಯ, ಯಾವುದು ಅಪರೂಪಕ್ಕೆ ಬೇಕಾಗುವುದು ಎಂಬ ಭೇದವನ್ನು ವಿನ್ಯಾಸ ತೋರಿಸಿಕೊಡುವುದಿಲ್ಲ. ಆದರೂ ಕೆಲಸದ ಕ್ರಮ ಸರಳವಾಗಿದೆ: ಫೈಲ್ ತೆರೆಯುವುದು, ವಿಶ್ಲೇಷಿಸುವುದು, ಜೋಡಣೆಯ ಬಿಂದುಗಳನ್ನು ಇಡುವುದು, ಸ್ಟ್ಯಾಕ್ ಮಾಡುವುದು, ಅಂದರೆ ಆರಿಸಿದ ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸುವುದು. ಒಂದೇ ರಾತ್ರಿಯ ಹಲವು ವಿಡಿಯೊಗಳನ್ನು ಒಟ್ಟಿಗೆ ಕೊಟ್ಟರೆ, ಮೊದಲನೆಯದಕ್ಕೆ ಆರಿಸಿದ ವ್ಯವಸ್ಥೆಯನ್ನೇ ಉಳಿದವುಗಳಿಗೂ ಅನ್ವಯಿಸಿ ಸಾಲಾಗಿ ಮುಗಿಸುತ್ತದೆ. ಸೆಕೆಂಡಿಗೆ 100 ಫ್ರೇಮುಗಳಂತೆ ಎರಡು ನಿಮಿಷದ ವಿಡಿಯೊ ಎಂದರೆ 12,000 ಫ್ರೇಮುಗಳು. 640×480 ಪಿಕ್ಸೆಲ್‌ನ 8 ಬಿಟ್ ಚಿತ್ರಗಳಾದರೂ ಅವು ಸುಮಾರು 3.7 ಜಿಬಿ ತೂಗುತ್ತವೆ. ಅಂಥ ಫೈಲುಗಳ ಸಾಲನ್ನೇ ಎದುರಿಗಿಟ್ಟುಕೊಂಡವರಿಗೆ ಈ ಸೌಕರ್ಯ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

ವಿಶ್ಲೇಷಣೆಯ ಹಂತದಲ್ಲಿ ತಂತ್ರಾಂಶ ಪ್ರತಿ ಫ್ರೇಮಿನಲ್ಲೂ ಸೂಕ್ಷ್ಮ ವಿವರ ಎಷ್ಟಿದೆ ಎಂದು ಅಳೆದು ಅಂಕ ಕೊಡುತ್ತದೆ. ಗ್ರಹದ ಮೈಯಲ್ಲಿ ಹೊಳಪು ಎಷ್ಟು ಥಟ್ಟನೆ ಬದಲಾಗುತ್ತದೆ ಎಂಬುದೇ ಈ ಅಳತೆಯ ಮೂಲ. ಇಲ್ಲಿ ಒಂದು ತೊಡಕಿದೆ. ಮಂದ ಬೆಳಕಿನ ವಿಡಿಯೊದಲ್ಲಿ ಸೆನ್ಸರಿನ ನಾಯ್ಸ್, ಅಂದರೆ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಹುಸಿ ಏರುಪೇರು ಕೂಡ ಪಿಕ್ಸೆಲಿನಿಂದ ಪಿಕ್ಸೆಲಿಗೆ ಥಟ್ಟನೆ ಬದಲಾಗುವುದರಿಂದ ಅದನ್ನೇ ವಿವರವೆಂದು ಎಣಿಸುವ ಸಾಧ್ಯತೆ ಇರುತ್ತದೆ. ಇದಕ್ಕಾಗಿಯೇ ನಾಯ್ಸ್ ರೋಬಸ್ಟ್ ಎಂಬ ಸಂಖ್ಯೆಯೊಂದನ್ನು ಕೊಟ್ಟಿದ್ದಾರೆ. ಅದನ್ನು ಏರಿಸಿದಷ್ಟೂ ತಂತ್ರಾಂಶ ಚಿಕ್ಕ ಕಣಗಳನ್ನು ಕಡೆಗಣಿಸಿ ದೊಡ್ಡ ರಚನೆಗಳನ್ನು ನೋಡುತ್ತದೆ. ಹೊಳೆಯುವ ಚಂದ್ರನಿಗೆ ಕಡಿಮೆ, ಮಂದವಾದ ಶನಿಗೆ ಹೆಚ್ಚು ಎಂಬ ಸ್ಥೂಲ ನಿಯಮವನ್ನಿಟ್ಟುಕೊಂಡು ಆರಂಭಿಸಿದರೆ ಸಾಕು.

ವಿಶ್ಲೇಷಣೆ ಮುಗಿದ ಮೇಲೆ ಮೂಡುವ ಗುಣಮಟ್ಟದ ಗ್ರಾಫ್ ಈ ತಂತ್ರಾಂಶದ ಅತ್ಯಂತ ಬೆಲೆಬಾಳುವ ಭಾಗ. ಅದರಲ್ಲಿ ಬೂದುಬಣ್ಣದ ಗೆರೆ ಫ್ರೇಮುಗಳ ಗುಣಮಟ್ಟವನ್ನು ಕಾಲಕ್ರಮದಲ್ಲಿ ತೋರಿಸುತ್ತದೆ. ಹಸಿರು ಗೆರೆ ಅವುಗಳನ್ನೇ ಅತ್ಯುತ್ತಮದಿಂದ ಕಳಪೆಯವರೆಗೆ ಸಾಲಾಗಿಟ್ಟು ತೋರಿಸುತ್ತದೆ. ಹಸಿರು ಗೆರೆ ಎಡಗಡೆಯಲ್ಲಿ ಎತ್ತರವಾಗಿ ಹೊರಟು ಬೇಗನೆ ಕುಸಿದರೆ ಒಳ್ಳೆಯ ಕ್ಷಣಗಳು ಕೆಲವೇ ಇದ್ದವೆಂದು ಅರ್ಥ. ಬಹುದೂರ ಮೇಲೆಯೇ ಸಾಗಿದರೆ ಗಾಳಿ ಬಹುಪಾಲು ಶಾಂತವಾಗಿತ್ತೆಂದು ಅರ್ಥ. ಈ ಗ್ರಾಫನ್ನು ಓದಲು ಕಲಿತವರು ತಮ್ಮ ಆಕಾಶವನ್ನೇ ಓದಲು ಕಲಿಯುತ್ತಾರೆ. ಬೂದು ಗೆರೆಯಲ್ಲಿ ನಿಧಾನವಾದ ಇಳಿಜಾರು ಕಂಡರೆ ಫೋಕಸ್ ಜಾರುತ್ತಿದೆಯೇ ಎಂದು ಅನುಮಾನಿಸಬೇಕು. ನಡುವೆ ದಿಢೀರ್ ಹಳ್ಳ ಬಿದ್ದಿದ್ದರೆ ಮೋಡವೋ, ದೂರದರ್ಶಕವನ್ನು ಮುಟ್ಟಿದ ಕೈಯೋ ಕಾರಣವಿರಬಹುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಈ ಅಂಕಗಳು ಆಯಾ ವಿಡಿಯೊದ ಒಳಗಿನ ಹೋಲಿಕೆಗಷ್ಟೇ ಸಲ್ಲುತ್ತವೆ. ಇಡೀ ರಾತ್ರಿ ಕೆಟ್ಟದಾಗಿದ್ದರೂ ಆ ಕೆಟ್ಟದ್ದರಲ್ಲಿಯೇ ಉತ್ತಮವಾದುದಕ್ಕೆ ಎತ್ತರದ ಅಂಕ ಸಿಗುತ್ತದೆ. ಆದ್ದರಿಂದ ಸ್ಲೈಡರ್ ಎಳೆದು ಮೊದಲ ಕೆಲವು ಫ್ರೇಮುಗಳನ್ನೂ ಕೊನೆಯ ಕೆಲವನ್ನೂ ಕಣ್ಣಾರೆ ನೋಡುವ ಅಭ್ಯಾಸವನ್ನು ಬಿಡಬಾರದು.

ಇನ್ನು ಜೋಡಣೆಯ ಬಿಂದುಗಳು, ಅಂದರೆ ಅಲೈನ್‌ಮೆಂಟ್ ಪಾಯಿಂಟುಗಳು. ಗಾಳಿಯ ಸುಕ್ಕು ಇಡೀ ಗ್ರಹವನ್ನು ಒಂದೇ ದಿಕ್ಕಿಗೆ ಅಲುಗಿಸಿದ್ದರೆ ಫ್ರೇಮುಗಳನ್ನು ಪಕ್ಕಕ್ಕೆ ಸರಿಸಿ ಕೂರಿಸಿದರೆ ಸಾಕಾಗುತ್ತಿತ್ತು. ಆದರೆ ಆಕಾಶದಲ್ಲಿ ಕೆಲವು ಆರ್ಕ್‌ಸೆಕೆಂಡುಗಳಷ್ಟು ದೂರವಿರುವ ಎರಡು ತಾಣಗಳ ಬೆಳಕು ಗಾಳಿಯ ಬೇರೆ ಬೇರೆ ಭಾಗಗಳನ್ನು ಹಾದು ಬರುತ್ತದೆ. ಗುರು ನಮಗೆ ಅತ್ಯಂತ ಸಮೀಪವಿದ್ದಾಗ ಅದರ ಬಿಂಬ 50 ಆರ್ಕ್‌ಸೆಕೆಂಡಿನವರೆಗೂ ಅಗಲವಿರುತ್ತದೆ. ಹಾಗಾಗಿ ಅದರ ಉತ್ತರದ ಪಟ್ಟೆ ಎಡಕ್ಕೆ ಸರಿದ ಅದೇ ಕ್ಷಣದಲ್ಲಿ ಕೆಂಪು ಚುಕ್ಕೆ ಎಂದು ಹೆಸರಾದ ಅದರ ದೊಡ್ಡ ಬಿರುಗಾಳಿ ಬಲಕ್ಕೆ ಸರಿದಿರಬಹುದು, ಮತ್ತು ಚಿತ್ರ ರಬ್ಬರ್ ಹಾಳೆಯ ಮೇಲೆ ಬರೆದಂತೆ ಅಲ್ಲಲ್ಲಿ ಹಿಗ್ಗಿ ಅಲ್ಲಲ್ಲಿ ಕುಗ್ಗುತ್ತದೆ. ಆಟೋಸ್ಟ್ಯಾಕರ್ಟ್ ಗ್ರಹದ ಮೈಯನ್ನು ಹಲವು ಚಿಕ್ಕ ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕವೂ ಪ್ರತಿ ಫ್ರೇಮಿನಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕಿ, ಅದನ್ನು ಅದರ ಜಾಗಕ್ಕೆ ಮರಳಿಸುತ್ತದೆ. ಅಷ್ಟೇ ಅಲ್ಲ, ಗುಣಮಟ್ಟವನ್ನು ಸ್ಥಳೀಯವಾಗಿ ಅಳೆಯುವ ಆಯ್ಕೆಯನ್ನು ಬಳಸಿದರೆ ಪ್ರತಿ ಬಿಂದುವಿಗೂ ಅದರದೇ ಆದ ಅತ್ಯುತ್ತಮ ಫ್ರೇಮುಗಳನ್ನು ಆರಿಸುತ್ತದೆ. ಉತ್ತರ ಧ್ರುವದ ಭಾಗ ಚೆನ್ನಾಗಿ ಕಂಡ ಫ್ರೇಮ್ ಒಂದು, ಕೆಂಪು ಚುಕ್ಕೆ ಚೆನ್ನಾಗಿ ಕಂಡ ಫ್ರೇಮ್ ಇನ್ನೊಂದು. ಎರಡರಿಂದಲೂ ಬೇಕಾದ ಭಾಗವಷ್ಟೇ ಅಂತಿಮ ಚಿತ್ರಕ್ಕೆ ಬರುತ್ತದೆ. ಇಡೀ ಫ್ರೇಮನ್ನು ಒಂದೇ ಅಂಕದಿಂದ ಅಳೆದು ಇಟ್ಟುಕೊಳ್ಳುವ ಅಥವಾ ಎಸೆಯುವ ವಿಧಾನಕ್ಕೂ ಇದಕ್ಕೂ ಇರುವ ಅಂತರ ಚಿತ್ರದಲ್ಲಿ ನೇರವಾಗಿ ಕಾಣುತ್ತದೆ, ಚಂದ್ರನ ವಿಶಾಲವಾದ ಚಿತ್ರಗಳಲ್ಲಂತೂ ಬಹಳ ಎದ್ದು ಕಾಣುತ್ತದೆ.

ಈ ಚೌಕಗಳ ಗಾತ್ರವನ್ನು ಆರಿಸುವುದು ಬಳಕೆದಾರರ ವಿವೇಚನೆಗೆ ಬಿಟ್ಟ ವಿಷಯ. ಚೌಕ ತೀರಾ ಚಿಕ್ಕದಾದರೆ ಅದರೊಳಗೆ ಗುರುತು ಹಿಡಿಯಲು ಸಾಕಷ್ಟು ವಿವರ ಇರುವುದಿಲ್ಲ, ನಾಯ್ಸನ್ನೇ ಗುರುತೆಂದು ಹಿಡಿದು ತಪ್ಪಾಗಿ ಸರಿಸಿಬಿಡುತ್ತದೆ, ಮತ್ತು ಫಲಿತಾಂಶದಲ್ಲಿ ಜಾಲರಿಯಂಥ ಕಲೆಗಳು ಮೂಡುತ್ತವೆ. ತೀರಾ ದೊಡ್ಡದಾದರೆ ಅದರೊಳಗಿನ ಹಿಗ್ಗುಕುಗ್ಗುಗಳು ಸರಾಸರಿಯಲ್ಲಿ ಕಲೆಸಿಹೋಗುತ್ತವೆ. ಗಾಳಿ ಚೆನ್ನಾಗಿದ್ದು ಬೆಳಕು ಸಮೃದ್ಧವಾಗಿದ್ದಾಗ ಚಿಕ್ಕ ಚೌಕಗಳು, ಇಲ್ಲದಿದ್ದರೆ ದೊಡ್ಡವು ಎಂಬುದು ಸರಿಯಾದ ಕ್ರಮ. ತಂತ್ರಾಂಶ ತಾನೇ ಬಿಂದುಗಳನ್ನು ಹರಡಿ ಇಡುವ ಸೌಲಭ್ಯ ಗ್ರಹಗಳಿಗೆ ಸಾಕಾಗುತ್ತದೆ. ಚಂದ್ರನ ಹಗಲು-ಇರುಳಿನ ಗಡಿರೇಖೆಯ ಬಳಿ ಮಾತ್ರ ಕತ್ತಲಿನ ಕಡೆಯ ಕುಳಿಯಂಚುಗಳನ್ನು ಅದು ಬಿಟ್ಟುಬಿಡುವುದುಂಟು, ಅಲ್ಲಿ ಹೊಳಪಿನ ಕನಿಷ್ಠ ಮಿತಿಯನ್ನು ಇಳಿಸುವುದೋ ಕೈಯಿಂದಲೇ ಕೆಲವು ಬಿಂದುಗಳನ್ನು ಸೇರಿಸುವುದೋ ಒಳ್ಳೆಯದು. ಚಂದ್ರನಿಗೂ ಸೂರ್ಯನಿಗೂ ಸರ್ಫೇಸ್ ಎಂಬ ಸ್ಥಿರೀಕರಣದ ಆಯ್ಕೆಯನ್ನು, ಕಪ್ಪು ಹಿನ್ನೆಲೆಯಲ್ಲಿ ಇಡಿಯಾಗಿ ಕಾಣುವ ಗ್ರಹಕ್ಕೆ ಪ್ಲಾನೆಟ್ ಎಂಬ ಆಯ್ಕೆಯನ್ನು ಬಳಸಬೇಕೆಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು.

ಎಷ್ಟು ಫ್ರೇಮುಗಳನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಶೇಕಡಾವಾರು ಉತ್ತರ ಇಲ್ಲ. ಕಡಿಮೆ ಉಳಿಸಿಕೊಂಡರೆ ವಿವರ ಹೆಚ್ಚು, ಜೊತೆಗೆ ನಾಯ್ಸೂ ಹೆಚ್ಚು. ನಾಯ್ಸ್ ಕಡಿಮೆಯಾಗುವುದು ಫ್ರೇಮುಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ: 400 ಫ್ರೇಮುಗಳ ಸರಾಸರಿಯಲ್ಲಿ ಒಂದು ಫ್ರೇಮಿಗಿಂತ 20 ಪಟ್ಟು, 1,600ರ ಸರಾಸರಿಯಲ್ಲಿ 40 ಪಟ್ಟು ಕಡಿಮೆ. ಅಂದರೆ ನಾಲ್ಕು ಪಟ್ಟು ಫ್ರೇಮುಗಳನ್ನು ಸೇರಿಸಿದರೆ ನಾಯ್ಸ್ ಇನ್ನರ್ಧವಾಗುತ್ತದೆ, ಆದರೆ ಸೇರಿಸಿದ ಫ್ರೇಮುಗಳು ಕೆಳದರ್ಜೆಯವಾದರೆ ವಿವರ ಮಸುಕಾಗುತ್ತದೆ. ನಾಯ್ಸ್ ಏಕೆ ಇಷ್ಟು ಮುಖ್ಯವೆಂದರೆ, ಮುಂದಿನ ಹಂತದ ಶಾರ್ಪನಿಂಗ್ ವಿವರವನ್ನೂ ನಾಯ್ಸನ್ನೂ ಒಟ್ಟಿಗೆ ಎತ್ತಿ ತೋರಿಸುತ್ತದೆ. ನಾಯ್ಸ್ ಸಾಕಷ್ಟು ತಗ್ಗಿರದ ಚಿತ್ರ ಶಾರ್ಪನಿಂಗನ್ನು ತಾಳಿಕೊಳ್ಳುವುದಿಲ್ಲ. ತಂತ್ರಾಂಶ ಒಂದೇ ಬಾರಿಗೆ ಹಲವು ಪ್ರಮಾಣಗಳಲ್ಲಿ ಸ್ಟ್ಯಾಕ್ ಮಾಡಿ ಕೊಡಬಲ್ಲದು. 10, 25 ಮತ್ತು 50 ಶೇಕಡಾದ ಮೂರು ಚಿತ್ರಗಳನ್ನು ಪಡೆದು, ಮೂರನ್ನೂ ಒಂದೇ ಪ್ರಮಾಣದಲ್ಲಿ ಶಾರ್ಪ್ ಮಾಡಿ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದಕ್ಕಿಂತ ಒಳ್ಳೆಯ ಮಾರ್ಗ ನನಗೆ ಕಂಡಿಲ್ಲ.

ಡ್ರಿಜಲ್ ಎಂಬ ಆಯ್ಕೆಯ ಬಗ್ಗೆ ನನಗೆ ಸ್ಪಷ್ಟವಾದ ಆಕ್ಷೇಪವಿದೆ. ಆಕ್ಷೇಪ ಆ ವಿಧಾನದ ಮೇಲಲ್ಲ, ಅದರ ಬಳಕೆಯ ಮೇಲೆ. ಫ್ರುಕ್ಟರ್ ಮತ್ತು ಹುಕ್ ಎಂಬ ವಿಜ್ಞಾನಿಗಳು ಹಬಲ್ ದೂರದರ್ಶಕದ ಡೀಪ್ ಫೀಲ್ಡ್ ಚಿತ್ರಗಳಿಗಾಗಿ ಇದನ್ನು ರೂಪಿಸಿದರು. ಹಬಲ್‌ನ ಆ ಕ್ಯಾಮೆರಾದ ಪಿಕ್ಸೆಲುಗಳು ದೂರದರ್ಶಕ ಕೊಡುವ ವಿವರಕ್ಕಿಂತ ಒರಟಾಗಿದ್ದವು, ಮತ್ತು ಸ್ವಲ್ಪ ಸ್ವಲ್ಪ ಸರಿದ ಹಲವು ಚಿತ್ರಗಳಿಂದ ಕಳೆದುಹೋದ ವಿವರವನ್ನು ಮರಳಿ ಪಡೆಯುವುದು ಅದರ ಉದ್ದೇಶವಾಗಿತ್ತು. ಗ್ರಹದ ಛಾಯಾಚಿತ್ರಕಾರರು ಸಾಮಾನ್ಯವಾಗಿ ಬಾರ್ಲೋ ಮಸೂರ ಬಳಸಿ ಬಿಂಬವನ್ನು ಸಾಕಷ್ಟು ಹಿಗ್ಗಿಸಿಕೊಂಡಿರುತ್ತಾರೆ. ಪಿಕ್ಸೆಲಿನ ಅಳತೆಯನ್ನು ಮೈಕ್ರಾನಿನಲ್ಲಿಟ್ಟು ಐದರಿಂದ ಗುಣಿಸಿದರೆ ಬರುವ ಸಂಖ್ಯೆ ಸೂಕ್ತ ಫೋಕಲ್ ಅನುಪಾತಕ್ಕೆ, ಅಂದರೆ ಫೋಕಲ್ ದೂರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ, ಹತ್ತಿರವಿರುತ್ತದೆ; 2.9 ಮೈಕ್ರಾನ್ ಪಿಕ್ಸೆಲಿಗೆ ಎಫ್/14 ಅಥವಾ 15. ಅಷ್ಟನ್ನು ಈಗಾಗಲೇ ಪಡೆದವರು 3 ಪಟ್ಟು ಡ್ರಿಜಲ್ ಮಾಡಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಅದರಲ್ಲಿ ಹೊಸ ವಿವರವೇನೂ ಬರುವುದಿಲ್ಲ. ಬಾರ್ಲೋ ಇಲ್ಲದೆ ಚಿಕ್ಕ ದೂರದರ್ಶಕದಿಂದ ಇಡೀ ಚಂದ್ರನನ್ನು ತೆಗೆದವರಿಗೆ 1.5 ಪಟ್ಟಿನ ಡ್ರಿಜಲ್ ನಿಜವಾಗಿಯೂ ನೆರವಾಗುತ್ತದೆ.

ಸ್ಟ್ಯಾಕ್ ಆಗಿ ಹೊರಬಂದ ಚಿತ್ರವನ್ನು ಮೊದಲ ಬಾರಿ ನೋಡಿದವರಿಗೆ ನಿರಾಸೆಯಾಗುವುದು ಸಹಜ. ಅದು ನಯವಾಗಿ, ಮೆದುವಾಗಿ, ಒಂದೊಂದು ಬಿಡಿ ಫ್ರೇಮಿಗಿಂತಲೂ ಮಸುಕಾಗಿ ಕಾಣುತ್ತದೆ. ವಿವರ ಅದರೊಳಗೆ ಇದೆ, ಆದರೆ ಅದರ ಕಾಂಟ್ರಾಸ್ಟ್ ಕುಗ್ಗಿದೆ. ಅದನ್ನು ಮೇಲಕ್ಕೆತ್ತಲು ಕೋರ್ ಬೆರೆವೂಟ್ಸ್ ಅವರ ರೆಜಿಸ್ಟ್ಯಾಕ್ಸ್ ತಂತ್ರಾಂಶದ ವೇವ್‌ಲೆಟ್ ಸ್ಲೈಡರುಗಳನ್ನು ಬಹಳ ಜನ ಇಂದಿಗೂ ಬಳಸುತ್ತಾರೆ. ಚಿತ್ರದ ರಚನೆಗಳನ್ನು ಗಾತ್ರಕ್ಕೆ ತಕ್ಕಂತೆ ಆರು ಪದರಗಳಾಗಿ ಬಿಡಿಸಿ, ಪ್ರತಿ ಪದರದ ಕಾಂಟ್ರಾಸ್ಟನ್ನು ಬೇರೆಬೇರೆಯಾಗಿ ಏರಿಸುವ ವ್ಯವಸ್ಥೆ ಅದು. ಡೀಕಾನ್ವಲ್ಯೂಷನ್ ಇನ್ನೊಂದು ಮಾರ್ಗ: ಮಸುಕಿನ ಆಕಾರವನ್ನು ಊಹಿಸಿ ಅದನ್ನು ಗಣಿತದಿಂದ ಹಿಂದಕ್ಕೆ ತಿರುಗಿಸುವುದು. ರಿಚರ್ಡ್‌ಸನ್ 1972ರಲ್ಲಿಯೂ ಲೂಸಿ 1974ರಲ್ಲಿಯೂ ಬೇರೆಬೇರೆಯಾಗಿ ರೂಪಿಸಿದ ಈ ಲೆಕ್ಕಾಚಾರವನ್ನು, ಹಬಲ್‌ನ ಕನ್ನಡಿಯ ದೋಷ ಸರಿಯಾಗುವ ಮೊದಲು ಅದರ ಚಿತ್ರಗಳನ್ನು ಸುಧಾರಿಸಲು ಬಳಸಿದ್ದರು.

ನನ್ನ ಕಾಳಜಿ ಹೆಚ್ಚಾಗಿ ಇರುವುದು ಈ ಹಂತದ ಮೇಲೆಯೇ. ಸ್ಲೈಡರನ್ನು ಮಿತಿಮೀರಿ ಎಳೆದಾಗ ಗ್ರಹದ ಅಂಚಿನಲ್ಲಿ ಬಿಳಿ ಬಳೆಯೂ ಅದರ ಒಳಗಡೆ ಕಪ್ಪು ಗೆರೆಯೂ ಹುಟ್ಟಿಕೊಳ್ಳುತ್ತವೆ. ಮಂಗಳನ ಹೊಳೆಯುವ ಅಂಚಿನಲ್ಲಿ ಇದು ಬಹಳ ಸಾಮಾನ್ಯ. ಮಂಗಳನ ಆ ಅಂಚಿನಲ್ಲಿ ವಾತಾವರಣದ ಮಂಜು ನಿಜವಾಗಿಯೂ ಕಾಣಿಸಿಕೊಳ್ಳುವುದರಿಂದ, ಹುಸಿ ಬಳೆಯನ್ನು ನಿಜವಾದ ಮಂಜೆಂದು ತಿಳಿಯುವ ಅಪಾಯವಿದೆ. ಶನಿಯ ಉಂಗುರಗಳು ಇನ್ನೊಂದು ಪರೀಕ್ಷೆ. ಅವುಗಳ ನಡುವಿನ ಕಪ್ಪು ತೆರಪಾದ ಕಸಿನಿ ವಿಭಾಗ ಸುಮಾರು 4,800 ಕಿಲೋಮೀಟರ್ ಅಗಲವಿದ್ದು, ಶನಿ ಸಮೀಪವಿದ್ದಾಗ ಉಂಗುರದ ತುದಿಗಳಲ್ಲಿ ಸುಮಾರು 0.8 ಆರ್ಕ್‌ಸೆಕೆಂಡಿನಷ್ಟು ಕಾಣುತ್ತದೆ. ಅದನ್ನು ಮಧ್ಯಮ ಗಾತ್ರದ ದೂರದರ್ಶಕ ಸುಲಭವಾಗಿ ತೋರಿಸುತ್ತದೆ. ಹೊರ ಉಂಗುರದೊಳಗಿನ ಇನ್ನೂ ಕಿರಿದಾದ ಎಂಕೆ ತೆರಪಿನ ಅಗಲ ಸುಮಾರು 325 ಕಿಲೋಮೀಟರ್, ಅಂದರೆ 0.05 ಆರ್ಕ್‌ಸೆಕೆಂಡ್. ಉನ್ನತ ಕಾಂಟ್ರಾಸ್ಟಿನ ಸಣ್ಣ ಗೆರೆ ವಿವರ್ತನೆಯ ಮಿತಿಗಿಂತ ಕಿರಿದಾಗಿದ್ದರೂ ಅತ್ಯುತ್ತಮ ಗಾಳಿಯಲ್ಲಿ ಅದರ ಸುಳಿವು ಸಿಗಬಹುದೆಂಬುದು ನಿಜ. ಆದರೆ ಹೊರ ಉಂಗುರದ ಅಂಚಿನಲ್ಲಿ ಶಾರ್ಪನಿಂಗ್ ತಾನೇ ಎಳೆದ ಕಪ್ಪು ಗೆರೆಗೆ ಎಂಕೆ ಎಂದು ಹೆಸರಿಟ್ಟು ಪ್ರಕಟಿಸಿದ ಚಿತ್ರಗಳು ಕಡಿಮೆಯೇನಲ್ಲ. ಸಾಮಾನ್ಯ ಛಾಯಾಚಿತ್ರಗಳಿಂದ ಕಲಿತ ಕೃತಕ ಬುದ್ಧಿಮತ್ತೆಯ ಶಾರ್ಪನಿಂಗ್ ಸಾಧನಗಳು ಈ ತೊಂದರೆಯನ್ನು ಇನ್ನೂ ಬೆಳೆಸಿವೆ, ಏಕೆಂದರೆ ಅವು ಕಾಣದ ಜಾಗದಲ್ಲಿ ನಂಬಲರ್ಹವಾಗಿ ತೋರುವ ವಿವರವನ್ನು ಕಟ್ಟಿ ತುಂಬಿಸಬಲ್ಲವು. ಆಟೋಸ್ಟ್ಯಾಕರ್ಟ್ ತನ್ನ ಮುಖ್ಯ ಫಲಿತಾಂಶವನ್ನು ಶಾರ್ಪ್ ಮಾಡದೆ ಹಾಗೆಯೇ ಕೊಡುವುದನ್ನು ನಾನು ಮೆಚ್ಚುವುದು ಇದಕ್ಕಾಗಿ. ಶಾರ್ಪ್ ಮಾಡಿದ ಪ್ರತಿಯೊಂದನ್ನು ಹೋಲಿಕೆಗೆಂದು ಕೇಳಿ ಪಡೆಯಬಹುದು, ಆದರೆ ಅಳತೆಗೆ ಒದಗುವ ಮೂಲ ಸರಾಸರಿ ಯಾವಾಗಲೂ ಪ್ರತ್ಯೇಕವಾಗಿ ಉಳಿಯುತ್ತದೆ. ಬೇರೆ ಯಾರಾದರೂ ಅದನ್ನೇ ತೆಗೆದುಕೊಂಡು ಬೇರೆ ಪ್ರಮಾಣದಲ್ಲಿ ಶಾರ್ಪ್ ಮಾಡಿ, ಒಂದು ವಿವರ ನಿಜವೋ ಅಲ್ಲವೋ ಎಂದು ಪರೀಕ್ಷಿಸಬಹುದು.

ಯಾವ ಸ್ಟ್ಯಾಕಿಂಗ್ ತಂತ್ರಾಂಶವೂ ಸರಿಪಡಿಸಲಾರದ ಸಂಗತಿಗಳೂ ಇವೆ. ಫೋಕಸ್ ತಪ್ಪಿದ ವಿಡಿಯೊದಲ್ಲಿ ಒಳ್ಳೆಯ ಫ್ರೇಮುಗಳೇ ಇರುವುದಿಲ್ಲ. ಕನ್ನಡಿಗಳ ಕಾಲಿಮೇಷನ್, ಅಂದರೆ ಅವುಗಳ ಪರಸ್ಪರ ಹೊಂದಾಣಿಕೆ, ಸರಿಯಿಲ್ಲದಿದ್ದರೂ, ದೂರದರ್ಶಕದ ಕೊಳವೆಯ ಒಳಗಿನ ಗಾಳಿ ಹೊರಗಿನ ಉಷ್ಣತೆಗೆ ಇಳಿಯದಿದ್ದರೂ ಇದೇ ಗತಿ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ಗ್ರಹದ ನೀಲಿ ಮತ್ತು ಕೆಂಪು ಬಿಂಬಗಳನ್ನು ವಾತಾವರಣ ಎರಡು ಆರ್ಕ್‌ಸೆಕೆಂಡಿಗೂ ಹೆಚ್ಚು ದೂರ ಬೇರ್ಪಡಿಸುತ್ತದೆ. ಬಣ್ಣಗಳನ್ನು ಆಮೇಲೆ ಸರಿಸಿ ಕೂಡಿಸಿದರೆ ಅಂಚಿನ ಬಣ್ಣ ಹೋಗುತ್ತದೆ, ಆದರೆ ಒಂದೊಂದು ಬಣ್ಣದ ಒಳಗೂ ಆಗಿರುವ ಹರಡುವಿಕೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಎರಡು ಪಟ್ಟಕಗಳಿರುವ ಡಿಸ್ಪರ್ಷನ್ ಕರೆಕ್ಟರ್ ಬೇಕು ಅಥವಾ ಗ್ರಹ ಮೇಲೇರುವವರೆಗೆ ಕಾಯಬೇಕು. ಗಾಳಿ ತೀರಾ ಕೆಟ್ಟದಾಗಿದ್ದರೆ ಅತಿಗೆಂಪಿನ ಫಿಲ್ಟರ್ ಹಾಕುವುದು ಒಂದು ಉಪಾಯ. 850 ನ್ಯಾನೋಮೀಟರ್ ತರಂಗಾಂತರದಲ್ಲಿ ಫ್ರೀಡ್ ಅಳತೆ ಹಸಿರಿನಲ್ಲಿ ಇರುವುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ದೊಡ್ಡದಾಗುತ್ತದೆ. ವಿವರ್ತನೆಯ ಮಿತಿಯೂ ಅದರೊಡನೆ ಒರಟಾಗುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಗುರುವಿನ ವಿಷಯದಲ್ಲಿ ಸಮಯದ ಕಟ್ಟುಪಾಡು ಬೇರೆ ಇದೆ. ಅದು ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಮ್ಮೆ ತಿರುಗುವುದರಿಂದ, ಬಿಂಬದ ನಡುವಿನ ಕಲೆಯೊಂದು ಎರಡು ನಿಮಿಷಗಳಲ್ಲಿ ಅರ್ಧ ಆರ್ಕ್‌ಸೆಕೆಂಡಿನಷ್ಟು ಸರಿದಿರುತ್ತದೆ. ಆಟೋಸ್ಟ್ಯಾಕರ್ಟ್ ಈ ತಿರುಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಕ್ಕ ಚಿಕ್ಕ ವಿಡಿಯೊಗಳನ್ನು ತೆಗೆದು, ಪ್ರತಿಯೊಂದನ್ನೂ ಇದರಲ್ಲಿ ಸ್ಟ್ಯಾಕ್ ಮಾಡಿ, ಆ ಚಿತ್ರಗಳನ್ನು ಗ್ರಿಶಾ ಹಾನ್ ಅವರ ವಿನ್‌ಜೂಪೋಸ್ ತಂತ್ರಾಂಶದಲ್ಲಿ ಒಂದೇ ಕ್ಷಣಕ್ಕೆ ತಿರುಗಿಸಿ ಕೂಡಿಸುವುದು ಈಗ ರೂಢಿಯಲ್ಲಿರುವ ಕ್ರಮ.

ಕೊರತೆಗಳನ್ನೂ ಹೇಳಬೇಕು. ಇದು ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಲಿನಕ್ಸ್ ಅಥವಾ ಮ್ಯಾಕ್ ಬಳಸುವವರು, ವಿಂಡೋಸ್ ತಂತ್ರಾಂಶಗಳನ್ನು ಅಲ್ಲಿ ನಡೆಸಿಕೊಡುವ ವೈನ್‌ನಂಥ ಸುತ್ತುದಾರಿ ಹಿಡಿಯಬೇಕು, ಇಲ್ಲವೇ ಪ್ಲಾನೆಟರಿ ಸಿಸ್ಟಮ್ ಸ್ಟ್ಯಾಕರ್‌ನಂಥ ಮುಕ್ತ ತಂತ್ರಾಂಶಕ್ಕೆ ಹೋಗಬೇಕು. ಆಯ್ಕೆಗಳ ವಿವರಣೆ ಸಂಕ್ಷಿಪ್ತವಾಗಿದ್ದು, ಮೌಸನ್ನು ಗುಂಡಿಯ ಮೇಲಿಟ್ಟಾಗ ಮೂಡುವ ಸಾಲುಗಳಿಂದಲೇ ಬಹಳಷ್ಟನ್ನು ಕಲಿಯಬೇಕಾಗುತ್ತದೆ. ನೀಹಾರಿಕೆ, ಗೆಲಾಕ್ಸಿಗಳಂಥ ಮಂದ ವಸ್ತುಗಳ ದೀರ್ಘ ಎಕ್ಸ್‌ಪೋಷರ್‌ಗಳಿಗೆ ಇದು ಹೇಳಿಮಾಡಿಸಿದ್ದಲ್ಲ. ಅದಕ್ಕೆ ಸಿರಿಲ್‌ನಂಥವು ಬೇರೆಯೇ ಇವೆ. ಮೂರನೆಯ ಆವೃತ್ತಿಗೆ ಒಗ್ಗಿಕೊಂಡವರಿಗೆ ನಾಲ್ಕನೆಯದು ಅಪರಿಚಿತವೆನಿಸುವುದಿಲ್ಲ, ಕೆಲಸದ ಕ್ರಮ ಹಾಗೆಯೇ ಇದೆ. ಹೊಸಬರು ನೇರವಾಗಿ ನಾಲ್ಕನೆಯದನ್ನೇ ಸ್ಥಾಪಿಸಿಕೊಳ್ಳಲಿ.

ಸ್ಟ್ಯಾಕ್ ಮುಗಿದ ಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆ ಮೂಲ ವಿಡಿಯೊವನ್ನು ಅಳಿಸಿಬಿಡುವ ಆತುರ ಎಲ್ಲರಿಗೂ ಇರುತ್ತದೆ. ಗುರುವಿನ ವಿಡಿಯೊವನ್ನಾದರೂ ಹಾಗೆ ಅಳಿಸುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ. 2009ರ ಜುಲೈ 19ರಂದು ಗುರುವಿನ ಮೇಲೆ ಯಾವುದೋ ಕಾಯ ಅಪ್ಪಳಿಸಿ ಉಂಟಾದ ಕಪ್ಪು ಕಲೆಯನ್ನು ಮೊದಲು ಕಂಡವರು ಆಸ್ಟ್ರೇಲಿಯದ ಹವ್ಯಾಸಿ ಆಂಥನಿ ವೆಸ್ಲಿ. 2010ರ ಜೂನ್ 3ರಂದು ಇಂಥದೇ ಅಪ್ಪಳಿಕೆಯ ಕ್ಷಣಿಕ ಮಿಂಚನ್ನು ಅವರೂ ಫಿಲಿಪ್ಪೀನ್ಸ್‌ನ ಕ್ರಿಸ್ಟೋಫರ್ ಗೋ ಅವರೂ ತಮ್ಮ ತಮ್ಮ ವಿಡಿಯೊಗಳಲ್ಲಿ ಸೆರೆಹಿಡಿದಿದ್ದರು. ಒಂದೆರಡು ಸೆಕೆಂಡಿನ ಅಂಥ ಮಿಂಚು ಸರಾಸರಿ ತೆಗೆದ ಚಿತ್ರದಲ್ಲಿ ಉಳಿಯುವುದೇ ಇಲ್ಲ. ಆರಿಸಿ ಕೂಡಿಸುವ ಈ ಇಡೀ ವಿಧಾನ ಅದನ್ನು ಅಳಿಸಿಹಾಕುವಂತೆಯೇ ರೂಪುಗೊಂಡಿದೆ. ಮಾರ್ಕ್ ಡೆಲ್‌ಕ್ರಾ ಅವರ ಡಿಟೆಕ್ಟ್ ಎಂಬ ಉಚಿತ ತಂತ್ರಾಂಶ ಮೂಲ ವಿಡಿಯೊಗಳಲ್ಲಿ ಇಂಥ ಮಿಂಚನ್ನು ತಾನಾಗಿಯೇ ಹುಡುಕುತ್ತದೆ. ಆಟೋಸ್ಟ್ಯಾಕರ್ಟ್‌ನಿಂದ ಚಿತ್ರ ಪಡೆದ ಮೇಲೆ ವಿಡಿಯೊವನ್ನು ಅದಕ್ಕೊಮ್ಮೆ ಕೊಟ್ಟು, ಅದು ಏನನ್ನೂ ಕಾಣಲಿಲ್ಲವೆಂದು ಖಚಿತವಾದ ನಂತರ ಬೇಕಿದ್ದರೆ ಅಳಿಸಬಹುದು.